ಬಸ್ಸಮ್ಮ ಸೋತ ಭಾನುವಾರ

ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ಭಾನುವಾರ ಮಧ್ಯಾಹ್ನ ನಮ್ಮ ನಡುಮನೆಗೆ ಕಾಲಿಟ್ಟವರು ಯಾರಾದರೂ ದನಿ ತಗ್ಗಿಸಿ, "ಯಾವಾಗ ಹೋದ್ರು?" ಎಂದು ನನ್ನ ಕಿವಿಯಲ್ಲಿ ಕೇಳುವ ಹಾಗಿತ್ತು. ಸೋಫಾದ ಒಂದು ತುದಿಯಲ್ಲಿ ನನ್ನಾಕೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಇನ್ನೊಂದು ತುದಿಯಲ್ಲಿ ಅತ್ತೆಯವರು ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ನಡುವೆ ಟಿವಿಯ ರಿಮೋಟು ಅಂಗಾತ ಮಲಗಿತ್ತು.

ಆಗಿದ್ದಿಷ್ಟೇ. ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆಯಲ್ಲಿ ಬಸ್ಸಮ್ಮ ಸೋತಿದ್ದಳು.

ಬಸ್ಸಮ್ಮ ಎಂಬುದು ಅತ್ತೆಯವರು ಇಟ್ಟ ಹೆಸರು. ನಿಜವಾದ ಹೆಸರು ನಮ್ಮಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಭೂಪಟದಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಪುಟ್ಟ ದೇಶದವಳು. ಶಾಲೆಯ ಬಸ್ಸು ಓಡಿಸುವವಳು. ನನ್ನಾಕೆಯದೇ ವಯಸ್ಸು, ನನ್ನಾಕೆಯದೇ ಸುತ್ತಳತೆ (ಇದನ್ನು ನಾನು ಬರೆದೆನೆಂದು ದಯವಿಟ್ಟು ಆಕೆಗೆ ಹೇಳಬೇಡಿ). ವೇದಿಕೆಯ ಮೇಲೆ ಸುಮ್ಮನೆ ನಿಂತು, ಕಣ್ಣು ಮುಚ್ಚಿ ಹಾಡಿದ್ದಳು. ಒಂದು ಪದವೂ ನಮಗೆ ಅರ್ಥವಾಗಲಿಲ್ಲ. ಆದರೂ ಸೆಮಿಫೈನಲ್ ಆದಂದಿನಿಂದ ನನ್ನಾಕೆ ಆ ಹಾಡನ್ನು ಗುನುಗುತ್ತಲೇ ಇದ್ದಳು. ಪಾತ್ರೆ ತೊಳೆಯುವಾಗ ಪಲ್ಲವಿ, ಬಟ್ಟೆ ಮಡಿಸುವಾಗ ಚರಣ. ಮದುವೆಯಾದ ಹೊಸದರಲ್ಲಿ ಹೀಗೆಯೇ ಹಾಡುತ್ತಿದ್ದವಳು ಆಮೇಲೆ ಯಾವಾಗ ನಿಲ್ಲಿಸಿದಳೋ ನಾನು ಗಮನಿಸಿರಲಿಲ್ಲ. ನಾನಿರುವುದು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ಅಲ್ಲಿ ಹರಿಯುವುದು ನಿಂತಿದೆ ಎಂಬುದು ಯಾರಾದರೂ ಬಂದು ಕೂಗಾಡಿದ ಮೇಲೇ ತಿಳಿಯುವುದು.

ಈಗ ಬಸ್ಸಮ್ಮ ಕೂದಲೆಳೆಯಷ್ಟರಲ್ಲಿ ಎರಡನೆಯವಳಾದಳು. ಗುನುಗು ಮತ್ತೆ ನಿಂತಿತು. ಹೇಗಾದರೂ ಮಾಡಿ ಅದನ್ನು ಪುನಃ ಹರಿಸಬೇಕೆಂಬುದೇ ನನ್ನ ಘನೋದ್ದೇಶವಾಗಿತ್ತು.

"ಹೋಗ್ಲಿ ಬಿಡೇ. ಗೆದ್ದ ಹುಡುಗನೂ ಏನು ಕಮ್ಮಿ ಇರ್ಲಿಲ್ಲ," ಎಂದೆ ಸಮಾಧಾನದ ದನಿಯಲ್ಲಿ.

ಗೋಡೆ ನೋಡುತ್ತಿದ್ದ ಮುಖ ಕಾಲು ಭಾಗ ತಿರುಗಿತು. "ಏನಿತ್ತು ಅವನ ಹತ್ರ?"

ಗೆದ್ದವನು ಕಾರಂಜಿಯೊಳಗೆ ನಿಂತು ತೊಯ್ದು ತೊಪ್ಪೆಯಾಗಿ ಹಾಡಿದ ಪೋರ. ಅಷ್ಟು ನೀರನ್ನು ಅಷ್ಟೆತ್ತರಕ್ಕೆ ಒಂದೇ ಸಮ ಚಿಮ್ಮಿಸುವುದೆಂದರೆ ಹುಡುಗಾಟವಲ್ಲ. ವೃತ್ತಿಧರ್ಮ ನನ್ನನ್ನು ಸುಮ್ಮನಿರಗೊಡಲಿಲ್ಲ.

"ಪ್ರೆಶರ್ ಚೆನ್ನಾಗಿತ್ತು," ಎಂದೆ.

ಮುಖ ಮತ್ತೆ ಗೋಡೆಗೆ ಹೋಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಹಲ್ಲು ಡಾಕ್ಟರಮ್ಮನೂ ಮಹಡಿಯ ಮೇಲಿನ ಟೈಲರಕ್ಕನೂ ಒಟ್ಟಿಗೆ ಒಳಗೆ ನುಗ್ಗಿದರು. ಇವರಿಬ್ಬರೂ ನನ್ನಾಕೆಯೂ ಸೇರಿ ಫೋನಿನಲ್ಲಿ ಬಸ್ಸಮ್ಮನ ಅಭಿಮಾನಿಗಳ ಗುಂಪು ಕಟ್ಟಿದ್ದರು. ಡಾಕ್ಟರಮ್ಮ ಅನ್ಯಾಯವನ್ನು ಬೇರುಸಹಿತ ಕೀಳುವ ಉಮೇದಿನಲ್ಲಿದ್ದರು.

"ಶುದ್ಧ ಮೋಸ ಸಾರ್! ಇದನ್ನ ಸುಮ್ನೆ ಬಿಡಬಾರದು."

"ಅಣ್ಣಾ, ಆ ಹುಡುಗನ ಮೈಮೇಲೆ ಗೇಣು ಬಟ್ಟೆ ಇರ್ಲಿಲ್ಲ," ಎಂದರು ಟೈಲರಕ್ಕ. "ಅಂಥೋರೆಲ್ಲ ಗೆಲ್ತಾ ಹೋದ್ರೆ ನಮ್ಮಂಥೋರ ಹೊಟ್ಟೆಪಾಡೇನು?"

ನನ್ನಾಕೆ ಈಗ ಪೂರ್ತಿ ತಿರುಗಿದಳು. "ರೀ, ಇಷ್ಟು ವರ್ಷ ದೂರು ವಿಭಾಗದಲ್ಲಿ ಕೂತಿದ್ದೀರಲ್ಲ. ನಮ್ಮದೂ ಒಂದು ದೂರು ಬರೀರಿ. ಸ್ಪರ್ಧೆಯವರಿಗೆ. ಓದಿದೋರು ನಡುಗಬೇಕು."

ಮನೆಯಲ್ಲಿ ನನ್ನ ಹುದ್ದೆಗೆ ಇಂಥ ಮರ್ಯಾದೆ ಹಿಂದೆಂದೂ ದೊರೆತಿರಲಿಲ್ಲ. ಊಟದ ಮೇಜಿನ ಹಿಂದೆ ಕುರ್ಚಿ ಎಳೆದುಕೊಂಡು ಕೂತೆ. ಕನ್ನಡಕ ಮೂಗಿನ ತುದಿಗೆ ಇಳಿಯಿತು. ಅದು ತಾನಾಗಿಯೇ ಇಳಿಯುತ್ತದೆ.

ಇಲ್ಲಿ ನಮ್ಮ ಕಚೇರಿಯ ಒಂದು ಕ್ರಮ ಹೇಳಬೇಕು. "ನೀರು ಬರ್ತಿಲ್ಲ" ಎಂದು ಯಾರೇ ಕೆಂಡವಾಗಿ ಬರಲಿ, ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ: "ಒಳಗಿನ ವಾಲ್ವ್ ತೆಗೆದಿದೆಯಾ, ನೋಡಿದ್ರಾ?" ಅರ್ಧ ಜನ ಅಲ್ಲಿಂದಲೇ ತಣ್ಣಗೆ ಮನೆಗೆ ಮರಳುತ್ತಾರೆ. ತಿರುಗಣೆಯನ್ನು ತಾವೇ ಮುಚ್ಚಿ ಮರೆತಿರುತ್ತಾರೆ. ಈ ಪ್ರಶ್ನೆಯನ್ನು ಕಂಡುಹಿಡಿದವನು ನಾನೇ ಎಂಬ ಸುದ್ದಿ ಕಚೇರಿಯಲ್ಲೂ ಅಕ್ಕಪಕ್ಕದ ಮನೆಗಳಲ್ಲೂ ಇದೆ (ಹಬ್ಬಿಸಿದವನೂ ನಾನೇ).

"ಬರೆಯೋಣ," ಎಂದೆ. "ಆದ್ರೆ ಮೊದಲು ಒಳಗಿನ ವಾಲ್ವ್ ನೋಡ್ಬೇಕು. ಡಾಕ್ಟ್ರೇ, ತಾವು ಬಸ್ಸಮ್ಮನಿಗೆ ಫೋನಿಂದ ವೋಟು ಹಾಕಿದ್ರಾ?"

ಡಾಕ್ಟರಮ್ಮನ ಬಾಯಿಗೆ ಮರಗಟ್ಟುವ ಮದ್ದು ಕೊಟ್ಟಂತಾಯಿತು. "ಅದು... ಆಗ ಒಬ್ರು ಹಲ್ಲುನೋವು ಅಂತ ಬಂದ್ಬಿಟ್ರು ಸಾರ್. ಅವರ ಬಾಯೊಳಗೆ ನನ್ನ ಎರಡೂ ಕೈ ಇತ್ತು. ಹೇಗೂ ನೀವೆಲ್ಲ ಹಾಕ್ತೀರಲ್ಲ ಅಂತ..."

"ಟೈಲರಕ್ಕಾ?"

"ಓ, ಹಾಕಿದೀನಣ್ಣ! ಒಂದು ರಾಶಿ ಕೆಂಪು ಹೃದಯ ಕಳಿಸಿದೀನಿ."

"ಎಲ್ಲಿಗೆ?"

"ನಮ್ಮ ಗುಂಪಿಗೇ."

"ಅದು ಇವಳಿಗೂ ಡಾಕ್ಟರಮ್ಮನಿಗೂ ಬಂತು. ಸ್ಪರ್ಧೆಯವರಿಗೆ ಹೋಗ್ಲಿಲ್ಲ."

ಟೈಲರಕ್ಕ ಮೆಲ್ಲಗೆ ಕುರ್ಚಿ ಹುಡುಕಿ ಕೂತರು. ಅತ್ತೆಯವರು ಮಾತ್ರ ಎದೆ ಸೆಟೆಸಿದರು. "ನಾನಂತೂ ಹಾಕಿದೀನಪ್ಪ ಅಳಿಯಂದ್ರೇ. ಬಸ್ಸಮ್ಮನ ನಂಬರು ಒತ್ತಿದ ತಕ್ಷಣ ಎಮ್ಮೆಗಳು ಬಂದ್ವು."

"ಎಮ್ಮೆಗಳಾ?"

"ಅಮ್ಮಾ!" ನನ್ನಾಕೆ ಹಣೆ ಹಿಡಿದುಕೊಂಡಳು. "ರಿಮೋಟಲ್ಲಿ ಒತ್ತಿದ್ಯಾ? ಅದಕ್ಕೇನಾ ಇದ್ದಕ್ಕಿದ್ದ ಹಾಗೆ ಕೃಷಿ ಚಾನೆಲ್ ಬಂದಿದ್ದು?"

ನಾನು ಎದ್ದು ನಿಂತೆ. ಇಂಥ ಗಳಿಗೆಯಲ್ಲಿ ಕೂತು ಮಾತಾಡುವುದು ಹುದ್ದೆಗೆ ಅವಮಾನ. "ಮಾನ್ಯ ಅಭಿಮಾನಿಗಳೇ, ಪರಿಶೀಲಿಸಲಾಗಿ, ಬಸ್ಸಮ್ಮನನ್ನು ಸೋಲಿಸಿದ್ದು ತೀರ್ಪುಗಾರರಲ್ಲ, ಕಾರಂಜಿಯೂ ಅಲ್ಲ. ಪ್ರೀತಿ ಉಕ್ಕಿ ಹರೀತಿತ್ತು, ಆದ್ರೆ ಎಲ್ಲರ ಮನೆಯ ವಾಲ್ವೂ ಮುಚ್ಚಿತ್ತು. ಆದ್ದರಿಂದ ಈ ದೂರನ್ನು ಇಲ್ಲಿಗೇ ಮುಕ್ತಾಯ..."

"ಎಲ್ಲರದ್ದೂ ಅಲ್ಲ," ಎಂದಳು ನನ್ನಾಕೆ. "ನನ್ನ ಫೋನಿಂದ ನಾನು ಹಾಕಿದೀನಿ. ನಿಮ್ಮದು?"

"ನನ್ನದು?"

"ಒಂದು ಫೋನಿಗೆ ಒಂದೇ ವೋಟು ಅಂತ ನಿಮ್ಮ ಫೋನಲ್ಲೂ ನಂಬರು ಬರೆದು ಕೈಗೇ ಕೊಟ್ಟಿದ್ನಲ್ಲ? ಕಳಿಸೋದೊಂದು ಬಾಕಿ ಅಂದಿದ್ನಲ್ಲ?"

ಕೊಟ್ಟಿದ್ದಳು. ಬೆಳಿಗ್ಗೆ ಹಾಡುಗಳೆಲ್ಲ ಮುಗಿದು, ಟಿವಿಯವರು ಬಸ್ಸಮ್ಮನನ್ನು ಮತ್ತೊಮ್ಮೆ ತೋರಿಸುತ್ತಿದ್ದಾಗ ಕೊಟ್ಟಿದ್ದಳು. "ಆಗಲಿ, ಕ್ರಮ ಕೈಗೊಳ್ತೀನಿ" ಎಂದು ನಾನು ಅಂದದ್ದೂ ನಿಜ. ಆದರೆ ಅದೇ ಉಸಿರಿನಲ್ಲಿ, "ಆ ಅಡುಗೆಮನೆ ನಲ್ಲಿ ತೊಟ್ಟಿಕ್ಕಿ ತಾಳ ತಪ್ಪಿಸ್ತಿದೆ, ಅದರ ಬಾಯಿ ಮುಚ್ಚಿಸಿ ಬನ್ನಿ" ಎಂದೂ ಹೇಳಿದ್ದಳು. ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಒಟ್ಟಿಗೆ ಎರಡು ಕೆಲಸ ಮಾಡುವ ಚಟ ನನಗಿಲ್ಲ. ಫೋನನ್ನು ಜೇಬಿಗಿಳಿಸಿ ಸಿಂಕಿನಡಿ ತೂರಿದ್ದೆ.

ಈಗ ನಾಲ್ಕು ಜನರ ಕಣ್ಣು ನನ್ನ ಜೇಬಿನ ಮೇಲಿತ್ತು. ಫೋನು ಹೊರಗೆ ಬಂತು. ತೆರೆಯ ಮೇಲೆ ಬಸ್ಸಮ್ಮನ ನಂಬರು ಹೊರಡಲು ಸಿದ್ಧವಾಗಿ, ನಿಲ್ದಾಣದಲ್ಲಿ ಬಸ್ಸಿಗೆ ಕಾದು ಕೂತವರ ಹಾಗೆ ಕೂತಿತ್ತು.

ಅತ್ತೆಯವರು ಬಗ್ಗಿ ತೆರೆಯನ್ನು ನೋಡಿದರು.

"ಅಂದ್ರೆ ಅಳಿಯಂದ್ರೂ ಎಮ್ಮೆಗಳ ಕಡೆಯೋರೇ," ಎಂದರು ಅತ್ತೆ.

ನನ್ನಾಕೆಯ ತುಟಿಯಂಚು ಅದುರಿತು. ಅಳು ಬಂತೆಂದುಕೊಂಡೆ. ಬಂದದ್ದು ನಗು. ಡಾಕ್ಟರಮ್ಮ ನಕ್ಕರು, ಟೈಲರಕ್ಕ ನಕ್ಕರು, ಏತಕ್ಕೆಂದು ತಿಳಿಯದೆ ಅತ್ತೆಯವರೂ ನಕ್ಕರು.

"ಹೋಗಿ, ಟೀ ಮಾಡಿ," ಎಂದಳು ನನ್ನಾಕೆ ಕಣ್ಣೊರೆಸಿಕೊಳ್ಳುತ್ತ. "ಎಲ್ಲರಿಗೂ. ಈ ಸಲವಾದ್ರೂ ಕ್ರಮ ಕೈಗೊಳ್ಳಿ."

ಅಡುಗೆಮನೆಗೆ ಬಂದೆ. ಹಿಂದೆಯೇ ನಡುಮನೆಯಿಂದ ಯಾರೋ ಬಸ್ಸಮ್ಮನ ಹಾಡು ಎತ್ತಿಕೊಂಡರು. ಮೊದಲು ಟೈಲರಕ್ಕನ ದಪ್ಪ ದನಿ, ಆಮೇಲೆ ಡಾಕ್ಟರಮ್ಮ, ಅವರಿಬ್ಬರನ್ನೂ ಮೀರಿ ಮೇಲಕ್ಕೇರಿದ ಇನ್ನೊಂದು ದನಿ. ಗುನುಗಲ್ಲ, ಬಾಯ್ತುಂಬ ಹಾಡು. ಪಾತ್ರೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ನನ್ನ ಸೇವಾವಧಿಯಲ್ಲಿ ಇಷ್ಟು ಚೆನ್ನಾಗಿ ಬಗೆಹರಿದ ದೂರು ಇನ್ನೊಂದಿಲ್ಲ ಎಂದುಕೊಳ್ಳುತ್ತ, ಠೀವಿಯಿಂದ ನಲ್ಲಿ ತಿರುಗಿಸಿದೆ.

ನಲ್ಲಿ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಇನ್ನಷ್ಟು ತಿರುಗಿಸಿದೆ. ಹನಿಯೂ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ನೀರೇ ಬರ್ತಿಲ್ಲವಲ್ಲೇ!" ಎಂದು ಅಲ್ಲಿಂದಲೇ ಕೂಗಿದೆ. "ಭಾನುವಾರ ಅಂದ್ರೆ ಸಾಕು, ಹೇಳೋರಿಲ್ಲ ಕೇಳೋರಿಲ್ಲ. ಎಂಥಾ ಬೇಜವಾಬ್ದಾರಿ ಕಚೇರಿನೋ ಏನೋ!"

ಹಾಡು ಗಕ್ಕನೆ ನಿಂತಿತು. ಮರುಗಳಿಗೆಯಲ್ಲೇ ನಡುಮನೆಯಿಂದ ನಾಲ್ಕು ಕಂಠಗಳು, ಅತ್ತೆಯವರದೂ ಸೇರಿ, ಒಂದೇ ಶ್ರುತಿಯಲ್ಲಿ ಬಂದವು:

"ಒಳಗಿನ ವಾಲ್ವ್ ತೆಗೆದಿದೆಯಾ, ನೋಡಿದ್ರಾ?"

ನಾನು ಮತ್ತೆ ಸಿಂಕಿನಡಿ ತಲೆ ತೂರಿಸಿದೆ.