ಅಮಾವಾಸ್ಯೆಯ ಬ್ರೆಡ್ಡು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ನೂರ ಎಂಬತ್ತು ಗ್ರಾಂ ತೂಕದ ಒಂದು ಪಾತ್ರೆ. ಪ್ರೇಮ್‌ಕುಮಾರ್ ಅದನ್ನು ಆನ್‌ಲೈನಿನಲ್ಲಿ ತರಿಸಿದ ದಿನ ಹೆಂಡತಿ ದಿವ್ಯ ಡಬ್ಬವನ್ನು ಅಲ್ಲಾಡಿಸಿ ನೋಡಿ, "ರೀ, ಒಳಗೇನೂ ಇಲ್ಲ, ವಾಪಸ್ ಕಳ್ಸಿ" ಅಂದಿದ್ದಳು. ಅಷ್ಟು ಹಗುರ. ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವವರು ಕೊಳ್ಳುವ ಪಾತ್ರೆಯಂತೆ. ಪ್ರೇಮ್‌ಕುಮಾರ್ ಈವರೆಗೆ ಹತ್ತಿದ್ದ ಬೆಟ್ಟವೆಂದರೆ ಬೈಯಪ್ಪನಹಳ್ಳಿ ಮೆಟ್ರೋದ ಮೆಟ್ಟಿಲು.

ಇಂದಿರಾನಗರದ ಕನ್ನಡಕದಂಗಡಿಯಲ್ಲಿ ಅವನ ಕೆಲಸ. ಅಂಗಡಿಯವರೆಲ್ಲ ಮುಂದಿನ ವಾರ ಕೋಲಾರದ ಕಡೆ ಟೆಂಟ್ ಹಾಕಿ ಕ್ಯಾಂಪ್ ಮಾಡುವುದೆಂದಾಗಿತ್ತು. ಯಾರು ಏನು ಅಡುಗೆ ಮಾಡುವುದೆಂಬ ಮಾತು ಬಂದಾಗ ಒಬ್ಬ ಕಬಾಬ್ ಅಂದ, ಒಬ್ಬಳು ಮೊಟ್ಟೆ ಬುರ್ಜಿ ಅಂದಳು. ನಮ್ಮ ಪುಣ್ಯಾತ್ಮ ಸುಮ್ಮನಿರಬಾರದೇ? "ಕೆಂಡದಲ್ಲಿ ಬ್ರೆಡ್ ಸುಡ್ತೀನಿ ಗುರು, ಖಾರ ಬ್ರೆಡ್. ಚಿಕ್ಕ ವಯಸ್ಸಿಂದ ಅಭ್ಯಾಸ ನಂಗೆ" ಅಂದುಬಿಟ್ಟ. ಚಿಕ್ಕ ವಯಸ್ಸಿನಿಂದ ಅವನಿಗಿದ್ದ ಅಭ್ಯಾಸ ಬ್ರೆಡ್ಡನ್ನು ಟೀಯಲ್ಲಿ ಅದ್ದುವುದೊಂದೇ.

ಮನೆಗೆ ಬಂದ ಮೇಲೆ ಆಡಿದ ಮಾತಿನ ಭಾರ ತಿಳಿಯಿತು. ಭಾನುವಾರ ರಜ, ಒಂದು ಸಲ ಮಾಡಿ ನೋಡಿಬಿಡೋಣ ಅಂದುಕೊಂಡ. ಎಲ್ಲಿ ಮಾಡುವುದು? ಅದೇ ಕಷ್ಟ.

ಅವನ ಸಂಸಾರ ಕಗ್ಗದಾಸಪುರದಲ್ಲಿ, ಮುನಿವೆಂಕಟಪ್ಪನವರ ಹಳೇ ಮನೆಯ ಮಹಡಿಯ ಮೇಲೆ, ಒಂಬತ್ತು ವರ್ಷದಿಂದ. ರಸ್ತೆ ದಾಟಿದರೆ ಮಗಳ ಸ್ಕೂಲು, ನಲ್ಲಿ ತಿರುಗಿಸಿದರೆ ಕಾರ್ಪೊರೇಷನ್ ನೀರು, ಕಿಟಕಿ ತೆರೆದರೆ ಗಾಳಿ. ಬೆಂಗಳೂರಿನಲ್ಲಿ ಈ ಮೂರೂ ಒಂದೇ ಬಾಡಿಗೆ ಮನೆಗೆ ಬರಬೇಕಾದರೆ ಹಿಂದಿನ ಜನ್ಮದಲ್ಲಿ ಕೆರೆ ಕಟ್ಟಿಸಿರಬೇಕು. ಆದರೆ ಓನರು ಮಾತ್ರ ಬಲು ಬಿಗಿ. ಬಾಲ್ಕನಿ ತೊಳೆದ ನೀರು ಅವರ ತಲೆ ಮೇಲೆ ಬಿದ್ದದ್ದಕ್ಕೆ ಒಂದು ವಾರ್ನಿಂಗ್ ಆಗಿತ್ತು, ಟೆರೇಸಿನಲ್ಲಿ ಹಪ್ಪಳ ಹಾಕಿ ಊರ ಕಾಗೆಗಳನ್ನೆಲ್ಲ ಕರೆಸಿದ್ದಕ್ಕೆ ಇನ್ನೊಂದು. "ಮೂರನೇದು ಆಯ್ತು ಅಂದ್ರೆ ಮನೆ ಖಾಲಿ ಮಾಡ್ಬೇಕಾಯ್ತದೆ, ಈಗ್ಲೇ ಹೇಳಿವ್ನಿ" ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು.

"ಟೆರೇಸಲ್ಲಿ ಬೆಂಕಿ ಗಿಂಕಿ ಹಚ್ಚೀರಾ, ಹುಷಾರ್!" ದಿವ್ಯ ಬೆಳಿಗ್ಗೆಯೇ ಎಚ್ಚರಿಸಿದಳು. "ಈ ಮನೆ ಹೋದ್ರೆ ನಾನು ಮಗೂನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ನೀವು ನಿಮ್ಮ ಪಾತ್ರೆ ಒಳಗೇ ಸಂಸಾರ ಮಾಡ್ಕೊಳ್ಳಿ."

ಆಗ ಅವನ ಕಣ್ಣು ಪಕ್ಕದ ಖಾಲಿ ಸೈಟಿನ ಮೇಲೆ ಬಿತ್ತು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದ ಕೊನೆಯ ತುಂಡು ಅದು. ಈ ಕಡೆ ಮುನಿವೆಂಕಟಪ್ಪನ ಮನೆ, ಆ ಕಡೆ ಅವರ ತಮ್ಮ ಮುನಿರಾಜಪ್ಪನ ಮನೆ, ನಡುವೆ ಇದು. ನಂದು ಅಂತ ಅಣ್ಣ, ನಂದು ಅಂತ ತಮ್ಮ, ಹನ್ನೊಂದು ವರ್ಷದಿಂದ ಕೋರ್ಟಿನಲ್ಲಿ ಕೇಸು. ಮಾತುಕತೆಯಂತೂ ಇಲ್ಲವೇ ಇಲ್ಲ. ಇಬ್ಬರೂ ಕಾಲಿಡದ ಸೈಟಿನಲ್ಲಿ ಹೊಂಗೆ, ಎಕ್ಕ, ಒಂದು ನುಗ್ಗೆಮರ ನೆಮ್ಮದಿಯಾಗಿ ಬೆಳೆದಿದ್ದವು. ಮರೆಗೆ ಇದಕ್ಕಿಂತ ಒಳ್ಳೇ ಜಾಗ ಯಾವುದಿದೆ?

ಶಿವಾಜಿನಗರದಲ್ಲಿ ಬೇಕರಿ ಇಟ್ಟಿದ್ದ ಗೆಳೆಯ ವಾಜಿದ್‌ನ ಹತ್ತಿರ ಹೋಗಿ, ಖಾರದ ಬನ್ನಿಗೆ ಕಲಸಿದ್ದ ಹಿಟ್ಟನ್ನೇ ಒಂದು ಉಂಡೆ ಇಸಿದುಕೊಂಡು ಬಂದ. ದಾರಿಯಲ್ಲಿ ಬಿಸಿಲಿಗೆ ಅದು ಸ್ಕೂಟರಿನ ಡಿಕ್ಕಿಯೊಳಗೆ ಉಬ್ಬಿ, ಕವರು ಹರಿದು, ರೇನ್‌ಕೋಟಿನ ಎರಡೂ ತೋಳಿಗೆ ನುಗ್ಗಿತ್ತು. ಸಿಕ್ಕಷ್ಟು ಕೆರೆದು ತೆಗೆದ. ಸಾಲದೆಂಬಂತೆ ತನ್ನದೂ ನಾಲ್ಕು ಹಸಿಮೆಣಸಿನಕಾಯಿ ಹೆಚ್ಚಿ ಸೇರಿಸಿದ. ಇಸ್ತ್ರಿ ಅಂಗಡಿಯವನಿಂದ ಇದ್ದಿಲು ತಂದು, ನುಗ್ಗೆಮರದ ಹಿಂದೆ ಮೂರು ಕಲ್ಲು ಹೂಡಿ, ತಲೆಗೆ ಕೆಂಪು ಟವೆಲ್ ಸುತ್ತಿಕೊಂಡು, ಕಿವಿಗೆ ಇಯರ್‌ಫೋನ್ ಸಿಗಿಸಿಕೊಂಡು ಕೂತ.

"ತೆಳು ಪಾತ್ರೆ ಮಗಾ ಅದು, ಸೀದಾ ಇಟ್ರೆ ತಳ ಹಿಡೀತದೆ" ಎಂದು ಫೋನಿನಲ್ಲಿ ವಾಜಿದ್ ಹೇಳಿಕೊಟ್ಟ. "ಒಳಗೆ ಸಣ್ಣ ಸಣ್ಣ ಕಲ್ಲು ಹಾಕು, ಅದರ ಮೇಲೆ ಹಿಟ್ಟಿನ ತಟ್ಟೆ ಇಡು. ಮುಚ್ಚಳದ ಮೇಲೂ ಕೆಂಡ ಹಾಕ್ಬೇಕು. ಕೆಳಗೆ ಕಮ್ಮಿ, ಮೇಲೆ ಜಾಸ್ತಿ. ಸಮ್ಝಾ?"

"ಸಮ್ಝಾ" ಎಂದು ಪ್ರೇಮ್‌ಕುಮಾರ್ ಏಳು ಬೆಣಚುಕಲ್ಲು ಆರಿಸಿ ಹಾಕಿದ. ತಟ್ಟೆ ಮನೆಯಲ್ಲೇ ಮರೆತಿದ್ದ. ಹೋಗಲಿ ಅಂತ ಹಿಟ್ಟಿನುಂಡೆಯನ್ನು ಕಲ್ಲಿನ ಮೇಲೇ ಕೂರಿಸಿದ. ಚಿಮಟದಲ್ಲಿ ಒಂದೊಂದೇ ಕೆಂಡ ಎತ್ತಿ, "ಕೆಳಗೆ ಆರು, ಮೇಲೆ ಹನ್ನೆರಡು... ಕೆಳಗೆ ಆರು, ಮೇಲೆ ಹನ್ನೆರಡು" ಎಂದು ಗೊಣಗುತ್ತ ಇಡತೊಡಗಿದ.

ಅದೇ ಹೊತ್ತಿಗೆ ಹಿಂದಿನ ಬೀದಿಯ ಯಂಕಮ್ಮ ನುಗ್ಗೆಸೊಪ್ಪು ಕೀಳಲು ಬಂದಳು. ದೆವ್ವ, ದೃಷ್ಟಿ, ಮಾಟದ ವಿಷಯದಲ್ಲಿ ಇಡೀ ಕಗ್ಗದಾಸಪುರಕ್ಕೆ ಅವಳ ಮಾತೇ ಕೊನೆ. ಅವಳು ಕಂಡದ್ದಿಷ್ಟು: ಬೆನ್ನು ತಿರುಗಿಸಿ ಕೂತ ಒಬ್ಬ, ತಲೆಗೆ ಕೆಂಪು ವಸ್ತ್ರ, ಎದುರಿಗೆ ಕೆಂಡ, ಮುಚ್ಚಿದ ಪಾತ್ರೆ, ಪಕ್ಕದಲ್ಲಿ ಮೆಣಸಿನಕಾಯಿ, ಚೂರಿ, ಬಾಯಲ್ಲಿ ಏನೋ ಮಣಮಣ. ಅದೂ ಅಮಾವಾಸ್ಯೆ ಭಾನುವಾರ. ಅದೂ ವ್ಯಾಜ್ಯದ ಸೈಟು.

"ಅಯ್ಯೋ ಮುನೇಶ್ವರಾ! ಮಾಟ ಮಾಡ್ತಾವ್ರೆ! ಬನ್ರಪ್ಪೋ!"

ಪ್ರೇಮ್‌ಕುಮಾರನಿಗೆ ಹೊಳೆದದ್ದು ಒಂದೇ: ಮೂರನೇ ವಾರ್ನಿಂಗ್. ತಿರುಗಿಯೂ ನೋಡದೆ ಎಕ್ಕದ ಗಿಡದಲ್ಲಿ ನುಸುಳಿ, ಕಾಂಪೌಂಡ್ ಹಾರಿ, ಪ್ಯಾಂಟು ಹರಿದುಕೊಂಡು ಮನೆ ಸೇರಿದ. ಪಾತ್ರೆ ಅಲ್ಲೇ ಉಳಿಯಿತು. ಟವೆಲ್ ಬಿಸಾಕಿ, ಮುಖ ತೊಳೆದು, ಏನೂ ಅರಿಯದವನಂತೆ ಮೆಟ್ಟಿಲಿಳಿದು ಬರುವಷ್ಟರಲ್ಲಿ ಸೈಟಿನ ತುಂಬ ಜನ. ದಿವ್ಯಳೂ ಬಂದಿದ್ದಳು. ಕೆಂಡದ ನಡುವೆ ಕೂತ ಪಾತ್ರೆಯನ್ನು ನೋಡಿದಳು, ಗಂಡನ ಹರಿದ ಪ್ಯಾಂಟು ನೋಡಿದಳು, ಹಣೆ ಚಚ್ಚಿಕೊಂಡಳು.

ಆ ಕಡೆ ಮುನಿರಾಜಪ್ಪ, ಈ ಕಡೆ ಮುನಿವೆಂಕಟಪ್ಪ, ನಡುವೆ ಎರಡೇ ಮಾರು ದೂರ. ಆದರೂ ನೇರ ಮಾತಾಡುವಂತಿಲ್ಲವಲ್ಲ! ಎರಡೂ ಕಡೆಯವನಲ್ಲದ ಮನುಷ್ಯ ಬೇಕು. ಓನರು ಬಾಡಿಗೆಯವನ ರಟ್ಟೆ ಹಿಡಿದು ನಡುವೆ ನಿಲ್ಲಿಸಿದರು.

"ಪ್ರೇಮ್‌ಕುಮಾರೇ, ಆವಯ್ಯನ್ನ ಕೇಳಿ. ನನ್ನ ಬೋರ್‌ವೆಲ್ ಯಾಕೆ ಬತ್ತೋಯ್ತು ಅಂತ ಇವತ್ತು ಗೊತ್ತಾಯ್ತು. ಇನ್ನೂ ಎಷ್ಟು ಮಾಟ ಮಾಡ್ಸವ್ನಂತೆ?"

ಪ್ರೇಮ್‌ಕುಮಾರ್ ಆ ಕಡೆ ತಿರುಗಿ, "ಸಾರ್, ಬೋರ್‌ವೆಲ್ ಬಗ್ಗೆ ಕೇಳ್ತಿದಾರೆ" ಅಂದ.

"ನಂಗೂ ಕಿವಿ ಅದೆ ಕಣ್ರಿ! ನನ್ನ ಮಗಳಿಗೆ ಗೊತ್ತಾಗಿದ್ದ ಗಂಡು ಲಗ್ನಪತ್ರಿಕೆ ದಿನ ಕೈ ಕೊಟ್ಟನಲ್ಲ, ಅದು ಯಾರ ಮಾಟ ಅಂತ ಆವಯ್ಯನ್ನೇ ಕೇಳಿ!"

"ನನ್ನ ಮಂಡಿನೋವೂ ಸೇರ್ಸಿ ಹೇಳ್ರಿ" ಎಂದರು ಹಿಂದಿನಿಂದ ಓನರ ಹೆಂಡತಿ ಆಂಜನಮ್ಮ.

ತಾನು ಸುಟ್ಟ ಬ್ರೆಡ್ಡಿನ ತಪ್ಪನ್ನು ತಾನೇ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅಣ್ಣನಿಗೆ ಸಾಗಿಸುವ ಕರ್ಮ ಯಾವ ಶತ್ರುವಿಗೂ ಬೇಡ. ಪಾಪ, ಅವನ ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು.

"ಮೊದ್ಲು ಮುಚ್ಚಳ ತೆಗೀರಿ" ಯಂಕಮ್ಮ ಅಪ್ಪಣೆ ಕೊಟ್ಟಳು. "ಎರಡು ಮನೇರೂ ಮುಟ್ಟಂಗಿಲ್ಲ. ಹೊರಗಿನ ಕೈ ಆಗ್ಬೇಕು."

ಎಲ್ಲರೂ ಪ್ರೇಮ್‌ಕುಮಾರನನ್ನು ನೋಡಿದರು. ಅವನು ಚಿಮಟದಲ್ಲಿ ಮೇಲಿನ ಕೆಂಡ ಸರಿಸಿ ಮುಚ್ಚಳ ತೆಗೆದ. ಏಳು ಕಲ್ಲುಗಳ ಮೇಲೆ ಕರ್ರಗಿನ ಒಂದು ಉಂಡೆ. ಅದರ ನಡುವೆ ಬಿರುಕು ಬಿಟ್ಟು ಬೇಯದ ಬಿಳಿ ಹಿಟ್ಟು ಹೊರಗೆ ಉಬ್ಬಿತ್ತು.

"ಕಣ್ಣು! ಕಣ್ಣು ಬಿಟ್ಟದೆ!" ಯಂಕಮ್ಮ ಕಿರುಚಿದಳು. ಜನ ಒಂದೇ ಏಟಿಗೆ ಹತ್ತು ಹೆಜ್ಜೆ ಹಿಂದೆ ಸರಿದರು. ಮುನಿರಾಜಪ್ಪ ನೆಲದಲ್ಲಿ ಬಿದ್ದಿದ್ದ ಕಬ್ಬಿಣದ ಸರಳು ಎತ್ತಿಕೊಂಡ. ಮುನಿವೆಂಕಟಪ್ಪ ಅಷ್ಟೇ ಉದ್ದದ ಇನ್ನೊಂದನ್ನು ಎತ್ತಿದರು. ಈ ಸಲ ನಡುವೆ ಮಾತು ಸಾಗಿಸುವವನ ಅಗತ್ಯವೂ ಅವರಿಗಿರಲಿಲ್ಲ.

ಪ್ರೇಮ್‌ಕುಮಾರನ ಮುಂದೆ ಎರಡೇ ದಾರಿ. ಬಾಯಿಬಿಟ್ಟರೆ ಮನೆ ಹೋಯಿತು. ಬಿಡದಿದ್ದರೆ ಇಬ್ಬರಲ್ಲಿ ಒಬ್ಬರ ತಲೆ ಹೋಯಿತು. ಅವನು ಬೊಗಳೆ ಬಿಡುವವನೇ ಹೊರತು ಕೆಟ್ಟವನಲ್ಲ. ಕಣ್ಣು ಮುಚ್ಚಿಕೊಂಡು ಇಬ್ಬರ ನಡುವೆ ನುಗ್ಗಿ, "ಹೊಡೀಬೇಡಿ ಸಾರ್! ಅದು ಮಾಟ ಅಲ್ಲ, ಬ್ರೆಡ್ಡು! ನಾನೇ ಮಾಡಿದ್ದು!" ಎಂದು ಕೂಗಿದ.

ಎತ್ತಿದ ಸರಳುಗಳು ಅರ್ಧಕ್ಕೇ ನಿಂತವು.

"ಬ್ರೆಡ್ಡಾ?" ಮುನಿವೆಂಕಟಪ್ಪ ಸರಳಿನಿಂದ ಉಂಡೆಯನ್ನು ತಿವಿದರು. ಟಣ್ ಎಂದಿತು. "ಇದು ಬ್ರೆಡ್ಡಾದ್ರೆ ತಿನ್ನಿ ನೋಡುವ."

"ಮಾಟದ್ದಾದ್ರೆ ಮೂರನೇ ತುತ್ತಿಗೆ ರಕ್ತ ಕಕ್ತಾನೆ" ಎಂದು ಯಂಕಮ್ಮ ಎಲ್ಲರಿಗೂ ವಿವರಿಸಿದಳು.

ಮೊದಲ ತುತ್ತು ಬರೀ ಇದ್ದಿಲು. ಎರಡನೆಯದು ಹಸಿ ಹಿಟ್ಟು, ಅಂಗುಳಕ್ಕೆ ಅಂಟಿಕೊಂಡು ಕೂತಿತು. ಮೂರನೇ ತುತ್ತಿನಲ್ಲಿ ಅವನು ಹೆಚ್ಚಿ ಹಾಕಿದ್ದ ಮೆಣಸಿನಕಾಯೆಲ್ಲ ಒಟ್ಟಿಗೆ ಸಿಕ್ಕಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಎದೆ ಹಿಡಿದುಕೊಂಡ. "ಬಂತು, ಬಂತು!" ಎಂದು ಜನ ಉಸಿರು ಬಿಗಿಹಿಡಿದರು.

"ನೀರು... ಖಾರ ಜಾಸ್ತಿ ಆಗ್ಬಿಟ್ಟಿದೆ..."

ಆಂಜನಮ್ಮ ಧೈರ್ಯ ಮಾಡಿ ಒಂದು ಚೂರು ಮುರಿದು ನಾಲಿಗೆಗಿಟ್ಟರು. ಸ್ವಲ್ಪ ಯೋಚಿಸಿ, "ಉಪ್ಪು ಅದೆ" ಅಂದರು.

"ಉಪ್ಪು ಅದಾ? ಮಾಟದ್ದಕ್ಕೆ ಉಪ್ಪು ಹಾಕಲ್ಲ. ಹಂಗಾರೆ ಮಾಟ ಅಲ್ಲ ಬಿಡಿ" ಎಂದು ಯಂಕಮ್ಮ ತೀರ್ಪು ಕೊಟ್ಟು ನುಗ್ಗೆಸೊಪ್ಪು ಕೀಳಲು ಹೋದಳು.

ಅಣ್ಣತಮ್ಮಂದಿರು ಕೈಯಲ್ಲಿ ಸರಳು ಹಿಡಿದು ಹಾಗೇ ನಿಂತಿದ್ದರು. ಕೊನೆಗೆ ಮುನಿರಾಜಪ್ಪ ನೆಲ ನೋಡುತ್ತ, "ಅಣ್ಣ, ನಿನ್ನ ಬೋರ್‌ವೆಲ್‌ಗೆ ನಾನೇನೂ ಮಾಡ್ಸಿಲ್ಲ ಕಣಣ್ಣ" ಅಂದ. ಹನ್ನೊಂದು ವರ್ಷದಲ್ಲಿ ಮೊದಲನೇ ಮಾತು.

"ನಿನ್ನ ಮಗಳು ನಂಗೂ ಮಗಳಲ್ವೇನ್ಲಾ" ಎಂದರು ಮುನಿವೆಂಕಟಪ್ಪ. "ಆ ಮದುವೆ ಮುರಿದ ದಿನ ನಾನೂ ಉಂಡಿಲ್ಲ, ನಿಮ್ಮತ್ತಿಗೇನ ಕೇಳು." ಸರಳುಗಳು ಕೆಳಗೆ ಬಿದ್ದವು. ಇಬ್ಬರೂ ಅಪ್ಪಿಕೊಂಡು ಮಕ್ಕಳ ಹಾಗೆ ಅತ್ತರು. ಆಂಜನಮ್ಮ ಅತ್ತರು. ಅಳುವುದಕ್ಕೆ ಯಾವ ಕಾರಣವೂ ಇಲ್ಲದ ಅಕ್ಕಪಕ್ಕದವರೂ ಅತ್ತರು. ಪ್ರೇಮ್‌ಕುಮಾರನಂತೂ ಮೊದಲೇ ಅಳುತ್ತಿದ್ದ, ಖಾರಕ್ಕೆ.

"ಸಾರ್, ತಪ್ಪಾಯ್ತು. ಮೂರನೇ ವಾರ್ನಿಂಗು..." ಎಂದು ತೊದಲಿದ.

"ಯಾರ್ರೀ ನಿಮಗೆ ವಾರ್ನಿಂಗ್ ಕೊಡೋರು!" ಮುನಿವೆಂಕಟಪ್ಪ ಅವನ ಎರಡೂ ಕೈ ಹಿಡಿದುಕೊಂಡರು. "ದೇವ್ರಂಥ ಮನುಷ್ಯ ನೀವು. ದೊಡ್ಡ ದೊಡ್ಡ ವಕೀಲರ ಕೈಲಿ ಆಗದ್ದು ನಿಮ್ಮ ಬ್ರೆಡ್ಡು ಮಾಡ್ತು."

ಪ್ರೇಮ್‌ಕುಮಾರ್ ಎದೆಯುಬ್ಬಿಸಿ ಮನೆಗೆ ಬಂದ. "ನೋಡ್ದಾ? ಇನ್ನು ಈ ಮನೆಯಿಂದ ನಮ್ಮನ್ನ ಯಾರೂ ಅಲ್ಲಾಡ್ಸೋಕಾಗಲ್ಲ" ಅಂದ. ದಿವ್ಯ ನಕ್ಕಳು, ಮೊಸರನ್ನ ಕಲಸಿ ಕೊಟ್ಟಳು. ಅವನು ಹಾಯಾಗಿ ಮಲಗಿ ನಿದ್ದೆ ಮಾಡಿದ.

ಸಂಜೆ ಬಾಗಿಲು ಬಡಿದ ಸದ್ದು. ನೋಡಿದರೆ ಅಣ್ಣ ತಮ್ಮ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು, ಒಂದು ಕೆಜಿ ಮೈಸೂರುಪಾಕಿನ ಡಬ್ಬಿ ಹಿಡಿದು ನಿಂತಿದ್ದಾರೆ.

"ನಾಳೆನೇ ಹೋಗಿ ಕೇಸು ವಾಪಸ್ ತಗೋತೀವಿ" ಎಂದರು ಮುನಿವೆಂಕಟಪ್ಪ.

"ಬಾಳ ಸಂತೋಷ ಸಾರ್."

"ಒಬ್ಬ ಬಿಲ್ಡರು ವರ್ಷಗಟ್ಲೆಯಿಂದ ದುಂಬಾಲು ಬಿದ್ದಿದ್ದ. ಅಣ್ಣ ತಮ್ಮ ಒಂದಾದ್ರೆ ಸೈಟು, ನನ್ನ ಮನೆ, ತಮ್ಮನ ಮನೆ ಮೂರೂ ಸೇರ್ಸಿ ಐದಂತಸ್ತು ಎಬ್ಬಿಸ್ತೀನಿ ಅಂತ. ಮಧ್ಯಾಹ್ನನೇ ಹೂಂ ಅಂದ್ಬಿಟ್ವಿ."

"ಒಳ್ಳೇದಾಯ್ತು ಸಾ..." ಎನ್ನುತ್ತಿದ್ದವನ ಬಾಯಿ ಅಲ್ಲೇ ನಿಂತಿತು.

"ಅದಕ್ಕೆ ಈ ಹಳೇ ಮನೆ ಕೆಡವ್ಬೇಕಲ್ಲ? ನಿಧಾನಕ್ಕೆ ಖಾಲಿ ಮಾಡಿ, ಎರಡು ತಿಂಗ್ಳು ತಗೊಳ್ಳಿ. ವಾರ್ನಿಂಗ್ ಅಂತ ತಿಳ್ಕೋಬೇಡಿ ಮತ್ತೆ. ಪ್ರೀತಿಯಿಂದ ಹೇಳ್ತಿವ್ನಿ."

"ಗುದ್ದಲಿ ಪೂಜೆಗೆ ಮೊದಲನೇ ಕರೆ ನಿಮಗೇ" ಎಂದು ಮುನಿರಾಜಪ್ಪ ಅವನ ಬಾಯಿಗೆ ಮೈಸೂರುಪಾಕು ತುರುಕಿದ.

ಇಬ್ಬರೂ ನಗುನಗುತ್ತ ಮೆಟ್ಟಿಲಿಳಿದು ಹೋದರು. ಪ್ರೇಮ್‌ಕುಮಾರ್ ಸಿಹಿಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಹೆಂಡತಿಯ ಕಡೆ ತಿರುಗಿದ. ದಿವ್ಯ ಬೈಯಲಿಲ್ಲ. ಒಳಗೆ ಹೋಗಿ ಸ್ಕೂಟರಿನ ಕೀ ತಂದು ಅವನ ಕೈಗಿಟ್ಟಳು.

"ಈಗ್ಲೇ ಹೊರಡಿ, ಮನೆ ಹುಡುಕಿ. ಬ್ರೋಕರ್‌ಗೆ ಸರಿಯಾಗಿ ಹೇಳಿ, ಓನರ್‌ಗೆ ಒಬ್ಬ ತಮ್ಮ ಇರ್ಬೇಕು, ಇಬ್ಬರಿಗೂ ಮಾತು ಬಿಟ್ಟಿರ್ಬೇಕು ಅಂತ."