ದುಂಡು ಹೆಸರಿನವರು ಗೆಲ್ಲತಕ್ಕದ್ದಲ್ಲ

ಪನಾಮಾದ ಪುವೆರ್ತೊ ಲಿರಿಯೊ ಊರಿನಲ್ಲಿ, ದುಂಡು ಹೆಸರಿನವರು ಬಾಕ್ಸಿಂಗ್‌ನಲ್ಲಿ ಗೆಲ್ಲತಕ್ಕದ್ದಲ್ಲ ಎಂಬುದು ಊರ ಬಾಕ್ಸಿಂಗ್ ಸಮಿತಿಯ ಹದಿನಾಲ್ಕನೇ ನಿಯಮ. ಕಟಕಟ ಎನ್ನುವ ಹೆಸರು ಹೊಡೆಯುತ್ತದೆ, ಲೊಳಲೊಳ ಎನ್ನುವ ದುಂಡು ಹೆಸರು ಬೀಳುತ್ತದೆ ಎಂಬುದನ್ನು ಸಮಿತಿಯವರು ಮೂರು ದಿನ ಊರವರ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದಿ, ಗಂಟಲು ಕಟ್ಟಿಸಿಕೊಂಡು ಕಂಡುಹಿಡಿದಿದ್ದರು.

ಎಮೆಲಿನಾ ಲೂನಾ ಹತ್ತೊಂಬತ್ತು ಪಂದ್ಯ ಆಡಿ ಹತ್ತೊಂಬತ್ತನ್ನೂ ಗೆದ್ದಿದ್ದಳು. ಕಡತದಲ್ಲಿ ಅವನ್ನು ಹತ್ತೊಂಬತ್ತು ಲೋಪಗಳೆಂದು ನಮೂದಿಸಲಾಯಿತು. ಅವಳ ಕೈಲಿ ನಾಲ್ಕು ಸಲ ನೆಲ ಕಂಡಿದ್ದ ತೆಕ್ಲಾ ಕಿರ್ಟನ್ ರಾಜಧಾನಿಯ ಪಂದ್ಯಕ್ಕೆ ಹೋಗತಕ್ಕದ್ದೆಂದು ನೋಟೀಸು ಅಂಟಿತು.

ಎಮೆಲಿನಾಗೆ ಇಟ್ಟಿದ್ದು ಅವಳ ಅಜ್ಜಿಯ ಹೆಸರನ್ನೇ. ಬಂದರಿನಲ್ಲಿ ಬಾಳೆಕಾಯಿ ಕರಿದು ಮಾರುವ ಆ ಮುದುಕಿಗೆ ಇದ್ದದ್ದು ಒಂದೇ ಆಸೆ. ರಾಜಧಾನಿಯ ರಿಂಗಿನಲ್ಲಿ ಕೂಗುವವನು ಆ ಹೆಸರನ್ನು ಉಸಿರು ಮುಗಿಯುವಷ್ಟು ಎಳೆದು ಕೂಗಬೇಕು, ತಾನು ಕಿವಿಯಾರೆ ಕೇಳಬೇಕು. ಎಣ್ಣೆ ತೊಟ್ಟಿಕ್ಕುವ ಸೌಟು ಹಿಡಿದುಕೊಂಡೇ ಸಮಿತಿಗೆ ಹೋದಳು.

“ಮೊಮ್ಮಗಳ ಹೆಸರನ್ನು ಕ್ರಿಕ್ತಾ ಅಂತ ಬದಲಾಯಿಸಿಬಿಡಿ ಅಜ್ಜಿ,” ಅಂದ ಕಾರ್ಯದರ್ಶಿ ದೋನ್ ಎವೆಲಿಯೊ.

“ನಿನ್ನ ಹೆಸರೂ ಲೊಳಲೊಳ ಅಂತಿದೆಯಲ್ಲಪ್ಪ. ಕುರ್ಚಿಯಿಂದ ಬಿದ್ದೇ ಇಲ್ಲವಲ್ಲ ನೀನು.”

“ಕುರ್ಚಿಗೆ ಈ ನಿಯಮ ಅನ್ವಯಿಸೋದಿಲ್ಲ.”

ಅಷ್ಟರಲ್ಲಿ ತೆಕ್ಲಾ ಬಂದಳು. ಒದೆ ತಿನ್ನೋಕೆ ರಾಜಧಾನಿವರೆಗೆ ಬಸ್ಸಲ್ಲಿ ಹೋಗೋದು ಯಾಕೆ, ಇಲ್ಲೇ ಮನೆ ಹತ್ರ ಸಿಗುತ್ತಲ್ಲ ಅಂದಳು. “ಹೆಸರು ನಂದಿರಲಿ, ಕೈ ಎಮೆಲಿನಾದಿರಲಿ.”

ಸಮಿತಿ ನಿಯಮ ತಿರುವಿ ನೋಡಿತು. ಯಾರ ಹೆಸರು ಹೋಗಬೇಕೆಂದಿತ್ತು, ಯಾರ ಕೈ ಎಂದಿರಲಿಲ್ಲ. ಹೆಸರು ಒಬ್ಬರದು, ಕೈ ಇನ್ನೊಬ್ಬರದು ಆಗಬಹುದೆಂಬ ಹದಿನೈದನೇ ನಿಯಮ ಅಲ್ಲೇ ಪಾಸಾಯಿತು.

“ಹೆಸರು ಕೂಗದಿದ್ದರೆ ಕೈ ಬರೋದಿಲ್ಲ,” ಎಂದು ಅಜ್ಜಿ ಬಾಗಿಲಿಗೆ ಅಡ್ಡ ಕೂತಳು. ಸಮಿತಿಯವರಿಗೆ ಊಟದ ಹೊತ್ತು ಬೇರೆ ಆಗಿತ್ತು. ಹಾಗಾಗಿ ಹದಿನಾರನೆಯದೂ ಆಯಿತು: ಕೈಯವರ ಹೆಸರನ್ನು, ಹತ್ತಿರದ ಸಂಬಂಧಿಕರು ಕೋರಿದಲ್ಲಿ, ಮೈಕಿಲ್ಲದೆ, ಅವರ ಒಂದು ಕಿವಿಯಲ್ಲಿ, ಒಂದು ಸಲ ಕೂಗತಕ್ಕದ್ದು.

ರಾಜಧಾನಿಯಲ್ಲಿ ತೆಕ್ಲಾಳ ಹೆಸರು ಮೊಳಗಿತು. ತೆಕ್ಲಾ ಎದ್ದು ಕೈ ಬೀಸಿ, ಕೂತು, ಉಪ್ಪು ಹಚ್ಚಿದ ಮಾವಿನಕಾಯಿ ತಿನ್ನತೊಡಗಿದಳು. ಎಮೆಲಿನಾ ರಿಂಗು ಹತ್ತಿ ಎರಡನೇ ಸುತ್ತಿಗೇ ಎದುರಾಳಿಯನ್ನು ಮಲಗಿಸಿದಳು. “ನೋಡಿದಿರಾ ಹೆಸರಿನ ಪೆಟ್ಟು,” ಎಂದು ಸಮಿತಿಯವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಜನರಿಗೂ ಹೌದೆನ್ನಿಸಿತು.

ಆಮೇಲೆ ಕೂಗುವವನು ಕೆಳಗಿಳಿದು ಬಂದು, ಬಗ್ಗಿ, ಅಜ್ಜಿಯ ಬಲಗಿವಿಯಲ್ಲಿ ಎಳೆದ. “ಎಮೆಲೀ...ನಾ ಲೂ...ನಾ.”

ಅಜ್ಜಿ ಕಣ್ಣೊರೆಸಿಕೊಂಡು ಎಡಗಿವಿ ತೋರಿಸಿದಳು. ಅದಕ್ಕೆ ಬೇರೆ ಅರ್ಜಿ ಹಾಕಬೇಕೆಂದ.

ನ್ಯಾಯವೇ ಅನ್ನಿಸಿತು ಅವಳಿಗೆ. ಅರ್ಜಿಯ ಸಾಲಿನಲ್ಲಿ ನಿಂತಳು.