ಏಳು ಹನ್ನೊಂದರ ನಿಲ್ದಾಣ

ನಿಲ್ದಾಣ ಎಂದರೆ ನಿಂತಲ್ಲೇ ನಿಂತಿರುವ ಜಾಗ. ಬಸ್ಸುಗಳು ಅಲ್ಲಿಗೆ ಬರುತ್ತವೆ, ನಿಲ್ಲುತ್ತವೆ, ಡ್ರೈವರಿಗೆ ಮನಸ್ಸಾದರೆ ಹೊರಡುತ್ತವೆ. ನಿಲ್ದಾಣ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಇಪ್ಪತ್ತಾರು ವರ್ಷ ಬಸ್ ನಿಲ್ದಾಣದ ಕಂಟ್ರೋಲರ್ ಕುರ್ಚಿಯನ್ನು ಸವೆಸಿದ ಮನುಷ್ಯನಿಗೆ ಇಷ್ಟಾದರೂ ಗೊತ್ತಿರುವುದಿಲ್ಲವೇ? ಅಂಥವರ ಮುಂದೆ ಅವರ ಕೈಹಿಡಿದ ಹೆಂಡತಿಯೇ ಬಂದು, "ರೀ, ಮೊನ್ನೆ ನಮ್ಮ ಟೆರೇಸ್ ಮೇಲೆ ಹೋಗಿದ್ದು ಏನು ಗೊತ್ತಾ? ನಿಲ್ದಾಣ" ಎಂದರೆ ನಗದೆ ಇನ್ನೇನು ಮಾಡಬೇಕು?

ಕಂಟ್ರೋಲರು ನಕ್ಕರು. ಆ ನಗುವೇ ಅವರಿಗೆ ಮುಳುವಾಯಿತು.

ಊರಿನಲ್ಲಿ ಅವರಿಗೆ 'ಹದಿನೈದು ನಿಮಿಷ' ಎಂದೇ ಅಡ್ಡಹೆಸರು. ವಿಚಾರಣೆಯ ಕಿಟಕಿಗೆ ಮೂತಿ ತೂರಿಸಿ ಯಾರು ಯಾವ ಬಸ್ಸನ್ನು ಕೇಳಿದರೂ ಅವರದು ಒಂದೇ ಉತ್ತರ: "ಹದಿನೈದು ನಿಮಿಷದಲ್ಲಿ ಬರುತ್ತೆ." (ಬಂದರೆ ಅವರ ಮಾತು ನಿಜವಾಯಿತು, ಬರದಿದ್ದರೆ ಇನ್ನೊಂದು ಹದಿನೈದು ನಿಮಿಷ.) ಹೆಂಡತಿಯೋ ಆಸ್ಪತ್ರೆಯಲ್ಲಿ ನರ್ಸು. ಹದಿನೈದು ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ ಬರೆಯುವ ಪೈಕಿ. ಅವರ ವಾರ್ಡಿನಲ್ಲಿ ಹದಿನೈದು ನಿಮಿಷ ತಡವಾದರೆ ಮನುಷ್ಯನೇ ಇರುವುದಿಲ್ಲ. ಇವರ ನಿಲ್ದಾಣದಲ್ಲಿ ಹದಿನೈದು ನಿಮಿಷ ಆಗದೆ ಬಸ್ಸೇ ಇರುವುದಿಲ್ಲ. ಇಂಥ ಇಬ್ಬರು ಇಪ್ಪತ್ತೆರಡು ವರ್ಷ ಒಂದೇ ಗೋಡೆ ಗಡಿಯಾರದ ಕೆಳಗೆ ಸಂಸಾರ ಮಾಡಿದ್ದಾರೆಂದರೆ, ಅದರ ಪುಣ್ಯವೆಲ್ಲ ಆ ಗಡಿಯಾರಕ್ಕೇ ಸಲ್ಲಬೇಕು.

ಆಗಿದ್ದು ಇಷ್ಟು. ಮೂರು ವಾರದ ಹಿಂದೆ ಸಂಜೆ, ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದ ಹೆಂಡತಿ ಬರಿಗೈಯಲ್ಲಿ ಇಳಿದು ಬಂದರು. ಆಕಾಶದಲ್ಲಿ ಒಂದು ಬೆಳಕು ಆ ತುದಿಯಿಂದ ಈ ತುದಿಗೆ ನಡೆದು ಹೋಯಿತಂತೆ. ಸದ್ದಿಲ್ಲ, ಮಿಣುಕಿಲ್ಲ. "ಕೈಕಾಲೇ ಆಡ್ಲಿಲ್ಲ ರೀ" ಎಂದರು. "ಏರೋಪ್ಲೇನ್" ಎಂದು ಇವರು ತೀರ್ಪು ಕೊಟ್ಟು ಅನ್ನಕ್ಕೆ ಸಾರು ಕಲಸಿದರು. ಹೆಂಡತಿ ಬಿಡಲಿಲ್ಲ. ಆಸ್ಪತ್ರೆಯ ಮಕ್ಕಳ ಡಾಕ್ಟರನ್ನು ಕೇಳಿ, ಅದು ಬಾಹ್ಯಾಕಾಶ ನಿಲ್ದಾಣವೆಂದೂ, ಸಂಜೆ ಹೊತ್ತು ಕೆಳಗೆ ಕತ್ತಲಾದರೂ ಮೇಲೆ ಅದಕ್ಕೆ ಬಿಸಿಲು ಬಡಿದು ಹಾಗೆ ಹೊಳೆಯುವುದೆಂದೂ ತಿಳಿದುಕೊಂಡು, ಮತ್ತೆ ಯಾವಾಗ ಬರುತ್ತದೆ ಎಂಬ ಪಟ್ಟಿಯನ್ನೂ ಬರೆದುಕೊಂಡು ಬಂದರು.

ಆ ರಾತ್ರಿಯ ಊಟದ ಹೊತ್ತಿನ ಸಂವಾದವನ್ನು ಇದ್ದಂತೆಯೇ ಕೊಡುವುದು ಒಳ್ಳೆಯದು.

"ತೊಂಬತ್ತು ನಿಮಿಷಕ್ಕೆ ಭೂಮಿಗೆ ಒಂದು ಸುತ್ತು. ದಿನಕ್ಕೆ ಹದಿನಾರು" ಎಂದರು ಹೆಂಡತಿ.

"ಹದಿನಾರು ಟ್ರಿಪ್ಪಾ! ಡೀಸೆಲ್ ಯಾರು ಕೊಡ್ತಾರೆ?"

"ಇಂಜಿನ್ ಹಾಕೋದೇ ಅಪರೂಪವಂತೆ. ಸುಮ್ಮನೆ ಬೀಳ್ತಾ ಬೀಳ್ತಾ ಸುತ್ತುತ್ತಂತೆ."

"ನ್ಯೂಟ್ರಲ್‌ನಲ್ಲಿ ಓಡಿಸ್ತಾರೆ ಅನ್ನು. ನಮ್ಮಲ್ಲಾದ್ರೆ ಡ್ರೈವರ್ ಸಸ್ಪೆಂಡು."

"ಒಳಗೆ ಜನ ಇದ್ದಾರೇನೇ?" ಎಂದು ಕೇಳಿದವರು ಇವರ ಅತ್ತೆ, ಮಗಳ ಮನೆಯಲ್ಲೇ ಇರುವ ಎಂಬತ್ತರ ಮುದುಕಿ.

"ಏಳು ಜನ ಇದ್ದಾರಮ್ಮ."

"ಅಷ್ಟು ದೊಡ್ಡ ಗಾಡಿಗೆ ಏಳೇ ಜನ!" ಕಂಟ್ರೋಲರು ಲೊಚಗುಟ್ಟಿದರು. "ಆ ರೂಟ್ ಎಂದೋ ರದ್ದು ಮಾಡ್ಬೇಕಿತ್ತು."

ಇಷ್ಟಕ್ಕೇ ನಿಲ್ಲಿಸಿದ್ದರೆ ಅವರು ಬುದ್ಧಿವಂತರು. ಮರುದಿನ ನಿಲ್ದಾಣದಲ್ಲಿ ಇದನ್ನೇ ಉಪ್ಪುಕಾರ ಹಚ್ಚಿ ಕಂಡಕ್ಟರುಗಳಿಗೆ ಬಡಿಸಿದರು. ಕಂಡಕ್ಟರುಗಳ ಬಾಯಿಗೆ ಬಿದ್ದ ಮಾತು ಬಸ್ಸಿಗಿಂತ ಬೇಗ ಊರು ತಲುಪುತ್ತದೆ. ಹೆಂಡತಿ ದಿನಾ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲೇ ಒಬ್ಬ, "ಸಿಸ್ಟರ್, ನಿಮ್ಮ ನಿಲ್ದಾಣ ಎಲ್ಲಿಗೆ ಬಂತು? ಟಿಕೆಟ್ ಕೊಡ್ಲಾ?" ಎಂದು ಎಲ್ಲರೆದುರು ಕೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು.

ಅಂದಿನಿಂದ ಮನೆಯಲ್ಲಿ ಮೌನ. ಊಟ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಬೈದಿದ್ದರೆ ಕಂಟ್ರೋಲರು ತಡೆದುಕೊಳ್ಳುತ್ತಿದ್ದರು. ಬೈಸಿಕೊಳ್ಳುವುದರಲ್ಲಿ ಅವರು ನುರಿತವರು. ಈ ಮೌನ ಅವರಿಗೆ ಹೊಸದು. ನಾಲ್ಕನೆಯ ದಿನ ಹೆಂಡತಿ ಬಾಯಿ ಬಿಟ್ಟರು.

"ಶನಿವಾರ ಸಂಜೆ ಏಳು ಹನ್ನೊಂದಕ್ಕೆ ಬರುತ್ತೆ. ಆಮೇಲೆ ಒಂದೂವರೆ ತಿಂಗಳು ಸಂಜೆ ಹೊತ್ತು ಇಲ್ಲ. ಒಂದೇ ಒಂದು ಸಲ ನನ್ನ ಪಕ್ಕ ಬಂದು ನಿಂತ್ಕೊಳ್ಳಿ. ನೋಡಿದ ಮೇಲೂ ಏರೋಪ್ಲೇನ್ ಅಂದ್ರೆ ನಾನು ಇನ್ಯಾವತ್ತೂ ಏನನ್ನೂ ನಿಮಗೆ ತೋರಿಸೋಕೆ ಬರಲ್ಲ."

ಕಂಟ್ರೋಲರು ಕೂಡಲೇ, "ಬರ್ತೀನಿ. ಖಂಡಿತ ಬರ್ತೀನಿ" ಎಂದರು. ಮನಸ್ಸಿಟ್ಟೇ ಹೇಳಿದರು.

ಆದರೆ ಅಭ್ಯಾಸಬಲ! ಏಳು ಹನ್ನೊಂದು ಎಂಬ ಹೊತ್ತನ್ನೇ ಅವರ ಬುದ್ಧಿ ಒಪ್ಪಲಿಲ್ಲ. ಮರ್ಯಾದಸ್ಥರು ಏಳೂಕಾಲು ಎನ್ನುತ್ತಾರೆ. ಪಕ್ಕದ ಊರಿಂದ ಬರುವ ಬಸ್ಸೇ ಅರ್ಧ ಗಂಟೆ ತಡವಾಗುವಾಗ, ಇಡೀ ಭೂಮಿ ಸುತ್ತಿ ಬರುವ ಗಾಡಿ ಏಳೂವರೆಗೆ ಮುಂಚೆ ಬಂದೀತೇ? ಹೀಗೆ ಲೆಕ್ಕ ಹಾಕಿ, ಮನೆ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇದೆ ಎಂಬ ಧೈರ್ಯದ ಮೇಲೆ, ಶನಿವಾರ ಆರೂಮುಕ್ಕಾಲಿಗೂ ಕುರ್ಚಿಯಲ್ಲೇ ಇದ್ದರು. ಏಳಕ್ಕೆ ಬರಬೇಕಾದ ಬದಲಿ ಕಂಟ್ರೋಲರ್ ಬರಲಿಲ್ಲ. (ಫೋನು ಮಾಡಿದರೆ, "ಹದಿನೈದು ನಿಮಿಷ ಸಾರ್" ಎಂದ. ಶಿಷ್ಯ!) ಏಳು ಹತ್ತಾಯಿತು. ಆಗ ಮೊದಲ ಬಾರಿಗೆ ಕಂಟ್ರೋಲರು ಕ್ಯಾಬಿನ್ನಿನ ಗೋಡೆ ಗಡಿಯಾರವನ್ನು ದಿಟ್ಟಿಸಿದರು. ಕೊರಳಿಗೆ ಶಾಲು ಸುತ್ತಿಕೊಂಡು, ಟೆರೇಸಿನ ಮೂಲೆಯಲ್ಲಿ ಒಬ್ಬರೇ ನಿಂತು ಮೆಟ್ಟಿಲ ಕಡೆ ನೋಡುತ್ತಿರುವ ಹೆಂಡತಿ ಅವರ ಕಣ್ಣಿಗೆ ಕಟ್ಟಿದರು.

ಎದ್ದು ಕ್ಯಾಬಿನ್ ಬಾಗಿಲಿಗೆ ಬಂದರು. ಗೋಡೆ ಗಡಿಯಾರದ ದೊಡ್ಡ ಮುಳ್ಳು ಏಳು ಹನ್ನೊಂದಕ್ಕೆ ಟಕ್ಕೆಂದು ಜಿಗಿಯಿತು.

ಬಂತು.

ಹೊರಗೆ ಹೋಗುವ ಗೇಟಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಇನ್ನೂ ನೀಲಿ ಆರದ ಆಕಾಶದಲ್ಲಿ ಒಂದು ಬೆಳಕು ಎದ್ದಿತು. ಕೆಂಪು ದೀಪ ಹಸಿರು ದೀಪ ಒಂದೂ ಇಲ್ಲ. ಮಿನುಗಲಿಲ್ಲ, ಅವಸರಪಡಲಿಲ್ಲ. ಯಾರೋ ದೀಪವನ್ನು ಅಂಗೈಯಲ್ಲಿ ಮರೆಮಾಡಿಕೊಂಡು ಆರದಂತೆ ನಡೆದು ಬರುವ ಹಾಗೆ ಮೇಲೇರಿ ಬಂತು. ಏರಿದಷ್ಟೂ ಪ್ರಖರವಾಯಿತು. ಆಗಷ್ಟೇ ಮೂಡಿದ್ದ ಒಂದೆರಡು ನಕ್ಷತ್ರಗಳು ಅದರ ಮುಂದೆ ಸಪ್ಪೆಯಾದವು.

ಕಂಟ್ರೋಲರು ತಲೆ ಎತ್ತಿ ನಿಂತುಬಿಟ್ಟರು. ಲಕ್ಷಾಂತರ ಬಸ್ಸುಗಳನ್ನು ಕಂಡ ಕಣ್ಣು ಅದು; ಹೇಳಿದ ನಿಮಿಷಕ್ಕೆ ಬಂದದ್ದನ್ನು ಅದು ಕಂಡಿರಲಿಲ್ಲ. ಆ ಬೆಳಕಿನ ಚುಕ್ಕೆಯೊಳಗೆ ಏಳು ಜನ ಇದ್ದಾರೆ. ಒಬ್ಬ ಊಟ ಮಾಡುತ್ತಿರಬಹುದು, ಒಬ್ಬಳು ಮನೆಯವರನ್ನು ನೆನೆಯುತ್ತಿರಬಹುದು. ಕಾಲಿಗೆ ನೆಲವಿಲ್ಲದ ಅಷ್ಟು ಎತ್ತರದಲ್ಲಿ, ಮನುಷ್ಯರೇ ಕಟ್ಟಿದ ಮನೆ, ಈ ಕೊಳಕು ನಿಲ್ದಾಣದ ನೆತ್ತಿಯ ಮೇಲೆ ಸದ್ದಿಲ್ಲದೆ ಹಾದು ಹೋಗುತ್ತಿದೆ! ಇದನ್ನು ಒಬ್ಬನೇ ನೋಡುವುದು ಅನ್ಯಾಯ ಎನಿಸಿಬಿಟ್ಟಿತು ಅವರಿಗೆ. ಉದ್ದ ವೈರಿನ ಮೈಕನ್ನು ಎಳೆದುಕೊಂಡು ಬಂದು ಸ್ವಿಚ್ ಒತ್ತಿದರು.

"ಪ್ರಯಾಣಿಕರ ಗಮನಕ್ಕೆ. ಎಲ್ಲರೂ ದಯವಿಟ್ಟು ಹೊರಗೆ ಬಂದು ತಲೆ ಎತ್ತಿ. ನಿಲ್ದಾಣ ಬರ್ತಿದೆ. ಸರಿಯಾದ ಸಮಯಕ್ಕೆ ಬರ್ತಿದೆ."

ಮೊದಲು ನಗು ಕೇಳಿಸಿತು. ಆಮೇಲೆ ಒಬ್ಬೊಬ್ಬರಾಗಿ ಮಾಡಿನ ಕೆಳಗಿಂದ ಹೊರಗೆ ಬಂದರು. ಮೂಟೆ ಹೊತ್ತವನು ಮೂಟೆಯನ್ನು ಕೆಳಗಿಟ್ಟ. ಕಂಕುಳಲ್ಲಿದ್ದ ಮಗುವಿನ ಗಲ್ಲವನ್ನು ತಾಯಿ ಮೇಲಕ್ಕೆತ್ತಿ ಹಿಡಿದಳು. ಡ್ರೈವರುಗಳು, ಯಾರೂ ಹೇಳದೆಯೇ, ಒಂದೊಂದಾಗಿ ಇಂಜಿನ್ ಆರಿಸಿದರು. 'ಟಿಕೆಟ್ ಕೊಡ್ಲಾ' ಎಂದಿದ್ದ ಆ ಕಂಡಕ್ಟರನೂ ಬಾಯಿ ತೆರೆದುಕೊಂಡು ನಿಂತ. ಇಪ್ಪತ್ತಾರು ವರ್ಷದಲ್ಲಿ ಕಂಟ್ರೋಲರು ಆ ನಿಲ್ದಾಣದ ಮೌನವನ್ನು ಕೇಳಿದ್ದು ಅದೇ ಮೊದಲು.

ಕಿಸೆಯಲ್ಲಿ ಫೋನು ನಡುಗಿತು. ಮೈಕನ್ನು ಎಡಗೈಗೆ ದಾಟಿಸಿ ಬಲಗೈಯಲ್ಲಿ ಫೋನು ಕಿವಿಗಿಟ್ಟರು.

"ಎಲ್ಲಿದ್ದೀರಿ?"

"ನಿಲ್ದಾಣದಲ್ಲಿ."

"ಯಾವುದರಲ್ಲಿ?"

"ಕೆಳಗಿನದರಲ್ಲಿ ಕಣೇ. ಬರೋಕಾಗ್ಲಿಲ್ಲ. ಆದ್ರೆ ನೋಡ್ತಿದ್ದೀನಿ. ನಿನ್ನಾಣೆ ನೋಡ್ತಿದ್ದೀನಿ. ಈಗ ನೆತ್ತಿ ಮೇಲಿದೆ."

"ನನಗೂ ನೆತ್ತಿ ಮೇಲೇ ಇದೆ" ಎಂದರು ಹೆಂಡತಿ. ಬೆಳಕು ಪೂರ್ವದ ಕಡೆ ವಾಲಿತು.

"ನೋಡು," ಎಂದರು ಕಂಟ್ರೋಲರು, "ಅದು ಏರೋಪ್ಲೇನ್ ಅಲ್ಲ. ನೀನು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು. ಇಂಥದ್ದನ್ನ ತೋರಿಸ್ತೀನಿ ಬನ್ನಿ ಅಂತ ನೀನು ಕರೆದ್ರೆ, ನಾನು ಊರಿಗೆಲ್ಲ ಹೇಳಿ ನಿನ್ನ ನಗೆಪಾಟಲು ಮಾಡಿದೆ. ನಾನೊಬ್ಬ ಮುಠ್ಠಾಳ. ಇವತ್ತೂ ನಿನ್ನ ಪಕ್ಕ ನಿಂತ್ಕೊಳ್ಲಿಲ್ಲ. ಏನ್ ಬೇಕಾದ್ರೂ ಬೈಯಿ, ಆದ್ರೆ ಮಾತು ಮಾತ್ರ ಬಿಡಬೇಡ ಕಣೇ. ಮನೆಗೆ ಬರೋಕೇ ಭಯ ಆಗುತ್ತೆ."

ಅಷ್ಟರಲ್ಲಿ ಆ ಬೆಳಕು ಅಡ್ಡ ಮೋಡವಾಗಲಿ ಮರವಾಗಲಿ ಇಲ್ಲದ ಬಟ್ಟಬಯಲು ಆಕಾಶದಲ್ಲೇ ನಸುಗೆಂಪಾಗಿ, ಮಸುಕಾಗಿ, ಇಲ್ಲವಾಯಿತು.

"ಅಯ್ಯೋ, ಎಲ್ಲಿ ಹೋಯ್ತೇ?"

"ಭೂಮಿಯ ನೆರಳೊಳಗೆ ಹೋಯ್ತು ರೀ. ಅಲ್ಲಿರೋರಿಗೆ ಈಗ ಸೂರ್ಯ ಮುಳುಗಿದ." ಹೆಂಡತಿಯ ದನಿ ಮೆತ್ತಗಾಗಿತ್ತು. ಅಷ್ಟು ಮೆತ್ತಗಿನ ದನಿಯನ್ನು ಕಂಟ್ರೋಲರು ವರ್ಷಗಳಿಂದ ಕೇಳಿರಲಿಲ್ಲ. "ಅದಿರ್ಲಿ, ಆಗ ಅಂದ್ರಲ್ಲ... ನೀನು ಹೇಳಿದ್ದೇ ಸರಿ ಅಂತ. ಇನ್ನೊಂದು ಸಲ ಹೇಳಿ."

"ನೂರು ಸಲ ಹೇಳ್ತೀನಿ. ನೀನು—"

"ಫೋನಲ್ಲಿ ಬೇಡ. ಫೋನ್ ಇಟ್ಬಿಡಿ."

"ಯಾಕೇ?"

"ಮೈಕಲ್ಲೇ ಚೆನ್ನಾಗಿ ಕೇಳಿಸ್ತಿದೆ. ಅಮ್ಮನಿಗೂ ಕೇಳಿಸ್ತಿದೆ. ಅಕ್ಕಪಕ್ಕದ ಟೆರೇಸಿನವರೆಲ್ಲ ಚಪ್ಪಾಳೆ ಹೊಡೀತಿದ್ದಾರೆ."

ಕಂಟ್ರೋಲರು ನಿಧಾನವಾಗಿ ತಲೆ ತಗ್ಗಿಸಿ ಎಡಗೈ ನೋಡಿಕೊಂಡರು. ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಎದುರಿಗೆ ಇನ್ನೂರು ಜನ ಆಕಾಶವನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು, ಒಬ್ಬರೂ ಬಸ್ಸು ಹತ್ತಿರಲಿಲ್ಲ. ಆ ಕಂಡಕ್ಟರ್ ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಹೇಳಿ ಸಾರ್, ಸಿಸ್ಟರ್ ಕಾಯ್ತಿದ್ದಾರೆ" ಎಂದು ಕೂಗಿದ.